ಕಮ್ಮಾರ ಗುತ್ತೆಪ್ಪನ ಮೈಯಲ್ಲಿ ಕರಗದ ಮದ್ದು

ಇಲ್ಲ, ಇಲ್ಲ, ನೀವು ಹಾಗೆ ತುಟಿ ಓರೆ ಮಾಡಬೇಡಿ. ಬದುಕಿದ್ದ ಮನುಷ್ಯನ ತಲೆದೆಸೆಯಲ್ಲಿ ಕೂತು ಅವನ ಸಾವಿನ ಹಾಡು ಹಾಡಿದರು, ಅವನು ಅದನ್ನು ಮೊದಲಿಂದ ಕೊನೆಯವರೆಗೆ ಕೇಳಿಸಿಕೊಂಡ ಅಂದರೆ ಯಾರಿಗಾದರೂ ಸುಳ್ಳು ಅನ್ನಿಸುತ್ತದೆ. ಕೇಳಿಸಿದ್ದರೆ ಎದ್ದು ಕೂತು ಬಾಯಿ ಮುಚ್ಚಿಸುತ್ತಿರಲಿಲ್ಲವೇ ಅನ್ನುತ್ತೀರಿ. ಅದೇ ಅಲ್ಲವೇ ಕತೆ. ಏಳಲು ಬರಲಿಲ್ಲ. ಕಣ್ಣಿನ ರೆಪ್ಪೆ ಎತ್ತಲೂ ಬರಲಿಲ್ಲ. ಹೋಗಲಿ, ಒಂದು ಉಸಿರನ್ನು ತಾನೇ ಎಳೆದುಕೊಳ್ಳಲೂ ಬರಲಿಲ್ಲ. ಉಸಿರಿಲ್ಲದೆ ಮನುಷ್ಯ ಬದುಕಿದ್ದು ಹೇಗೆ ಅಂತ ಮತ್ತೆ ಬೆರಳು ಎತ್ತಬೇಡಿ. ಉಸಿರು ಇತ್ತು. ಅದು ಅವನದಾಗಿರಲಿಲ್ಲ, ಅಷ್ಟೇ. ನಂಬಿಕೆ ಇಲ್ಲದಿದ್ದರೆ ನಿಟ್ಟುವಳ್ಳಿಗೆ ಹೋಗಿ ಕಮ್ಮಾರ ಗುತ್ತೆಪ್ಪ ಅಂತ ಕೇಳಿ. ಹಳಬರು ಸಿಕ್ಕರೆ ಅವರೇ ಹೇಳುತ್ತಾರೆ. ಸಿಗದಿದ್ದರೆ ಇಲ್ಲೇ ಕೂತು ಕೇಳಿ.

ಅರವತ್ತರ ದಶಕದ ನಡುವಿನ ಮಾತು. ನಿಟ್ಟುವಳ್ಳಿ ಆಗ ಇನ್ನೂ ದಾವಣಗೆರೆಯ ಹೊಟ್ಟೆಯೊಳಗೆ ಹೋಗಿರಲಿಲ್ಲ. ಊರಿಗೂ ಪೇಟೆಗೂ ನಡುವೆ ಜೋಳದ ಹೊಲ, ಹತ್ತಿ ಹೊಲ. ಹೊಲದ ಆಚೆಯಿಂದ ಗಿರಣಿಯ ಕೂಗು ಕೇಳಿಸಿದರೆ ಹೊತ್ತು ಎಷ್ಟಾಯಿತು ಅಂತ ಎತ್ತುಗಳಿಗೂ ತಿಳಿಯುತ್ತಿತ್ತು. ಮಧ್ಯಾಹ್ನದ ಕೂಗಿಗೆ ಅವು ತಾವೇ ನೊಗ ಕಳಚಿಕೊಂಡು ನೆರಳಿಗೆ ಹೋಗುತ್ತಿದ್ದವು. ಇದನ್ನೂ ನಂಬುವುದಿಲ್ಲವೇ, ಬಿಡಿ.

ಗುತ್ತೆಪ್ಪನ ಕುಲುಮೆ ಊರ ಮುಂದಿನ ಬೇವಿನ ಮರದ ಕೆಳಗಿತ್ತು. ಕುಡುಗೋಲು, ಕುಂಟೆ, ಈಳಿಗೆ, ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ, ಎಲ್ಲ ಅವನ ಕೈಯಲ್ಲೇ ಆಗಬೇಕು. ಪೇಟೆಯ ದರ್ಜಿಗಳು ಕತ್ತರಿಗೆ ಸಾಣೆ ಹಿಡಿಸಲು ಅವನಲ್ಲಿಗೇ ಬರುತ್ತಿದ್ದರು. ಅವನ ತಿದಿಯ ಗಾಳಿಗೆ ಪಕ್ಕದ ಊರು ಆವರಗೆರೆಯಲ್ಲಿ ಒಣಹಾಕಿದ್ದ ಸೀರೆ ಹಾರಿ ಹೋಗುತ್ತಿತ್ತು ಅನ್ನುವುದು ಸ್ವಲ್ಪ ಹೆಚ್ಚಾಯಿತು. ಸೀರೆಯಲ್ಲ, ಪಂಚೆ.

ಆ ತಿದಿಯನ್ನು ಒತ್ತುತ್ತಿದ್ದವಳು ಹೆಂಡತಿ ತಿಮ್ಮವ್ವ. ಚರ್ಮದ ದೊಡ್ಡ ತಿದಿ. ಒತ್ತಿದರೆ ಗಾಳಿ ನಳಿಕೆಯ ಗುಂಟ ಹೋಗಿ ಇದ್ದಿಲನ್ನು ಕೆಂಪಗೆ ಮಾಡಬೇಕು. ಕಮ್ಮಾರರ ಮನೆಯ ಹೆಂಗಸಿಗೆ ಮದುವೆಯಾಗಿ ಬಂದ ವಾರದಲ್ಲೇ ಕಲಿಸುವ ಮಾತು ಒಂದು: ಕಬ್ಬಿಣ ಬೆಂಕಿಯಲ್ಲಿ ಇರುವಷ್ಟು ಹೊತ್ತು ತಿದಿ ನಿಲ್ಲಬಾರದು. ನಿಲ್ಲಿಸು ಅನ್ನುವ ಹಕ್ಕು ಇಕ್ಕಳ ಹಿಡಿದವನದು ಮಾತ್ರ. ಅವನು ‘ಸಾಕು’ ಅನ್ನಬೇಕು. ಅಲ್ಲಿಯವರೆಗೆ ಮನೆಗೆ ನೆಂಟರು ಬಂದರೂ, ತೊಟ್ಟಿಲಲ್ಲಿ ಕೂಸು ಅತ್ತರೂ, ಒತ್ತುವವಳು ಒತ್ತುತ್ತಲೇ ಇರಬೇಕು. ತಿಮ್ಮವ್ವ ಒಮ್ಮೆ ಸೆರಗಿಗೆ ಕಿಡಿ ಬಿದ್ದು ಹೊಗೆಯಾಡುತ್ತಿದ್ದರೂ ತಿದಿ ಬಿಡದೆ, “ಸಾಕು ಅಂತೀರೋ, ನಾನು ಪೂರ್ತಿ ಉರಿದ ಮ್ಯಾಲೆ ಅಂತೀರೋ” ಅಂತ ಕೇಳಿದ್ದಳಂತೆ.

ಹೀಗಿರುವಾಗ ಒಂದು ಗಾಡಿಪಟ್ಟಿ ಎತ್ತುವ ಹೊತ್ತಿಗೆ ಗುತ್ತೆಪ್ಪನ ತೊಡೆಸಂದಿಯಲ್ಲಿ ಏನೋ ಜಾರಿದ ಹಾಗಾಯಿತು. ಮಾರನೆಯ ದಿನಕ್ಕೆ ನಿಂಬೆಹಣ್ಣಿನಷ್ಟು ಗಂಟು. ನಾಟಿ ಲೇಪ ಹಚ್ಚಿದ, ಬಟ್ಟೆ ಬಿಗಿದ, ಗಂಟು ಬದನೆಕಾಯಿಯಷ್ಟಾಯಿತು. ಕೊನೆಗೆ ಪಿ.ಬಿ. ರಸ್ತೆಯ ಪಕ್ಕದಲ್ಲಿದ್ದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ಹರ್ನಿಯಾ ಅಂದರು, ಆಪರೇಷನ್ ಆಗಲೇಬೇಕು ಅಂದರು.

ಅಲ್ಲಿ ಎಚ್ಚರ ತಪ್ಪಿಸುವ ಮತ್ತು ಕೊಡಲು ಖುರ್ಷೀದಾ ಅಂತ ಒಬ್ಬರು ಡಾಕ್ಟ್ರಮ್ಮ ಬರುತ್ತಿದ್ದರು. ಇನ್ನೂ ಚಿಕ್ಕ ವಯಸ್ಸು, ಮಾತು ಮೆತ್ತಗೆ. ಮೇಜಿನ ಮೇಲೆ ಮಲಗಿಸಿದಾಗ ಗುತ್ತೆಪ್ಪ ಕೇಳಿದ:

“ಅಮ್ಮಾರೆ, ಎಚ್ಚರ ಹೋಗಂಗೆ ಕೊಡ್ರಿ. ಅರ್ಧಂಬರ್ಧ ಬ್ಯಾಡ. ನಂಗೆ ಕೊಯ್ಯೋ ಸದ್ದು ಕೇಳಬಾರದು.”

“ಕೇಳಲ್ಲಪ್ಪ. ಏಳೋ ಹೊತ್ತಿಗೆ ಎಲ್ಲಾ ಮುಗಿದಿರ್ತದೆ.”

ಅದು ಸುಳ್ಳಲ್ಲ. ಕೊಯ್ದ ಸದ್ದು ಅವನಿಗೆ ಕೇಳಿಸಲಿಲ್ಲ. ಮುಗಿದ ಮೇಲೆಯೇ ಎಚ್ಚರವಾಯಿತು. ಆದರೆ ಎಚ್ಚರ ಒಂದೇ ಆಯಿತು, ಮೈ ಏಳಲಿಲ್ಲ.

ಮೊದಲು ಬಂದದ್ದು ಸದ್ದು. ಫುಸ್ಸ್ ಅಂತ ಒಂದು, ಆಮೇಲೆ ತಡೆದು ತಡೆದು ಇನ್ನೊಂದು. ತಿದಿಯ ಸದ್ದು. ಕುಲುಮೆಯಲ್ಲಿ ಊಟ ಮಾಡಿ ಮಲಗಿಬಿಟ್ಟಿದ್ದೇನೆ, ತಿಮ್ಮವ್ವ ಆಗಲೇ ಬೆಂಕಿ ಹೊತ್ತಿಸಿದ್ದಾಳೆ ಅಂದುಕೊಂಡ. ಆಮೇಲೆ ತಿಳಿಯಿತು, ಸದ್ದು ಬಂದಾಗಲೆಲ್ಲ ತನ್ನ ಎದೆ ಏರುತ್ತಿದೆ. ಬಾಯಿಯೊಳಗೆ ಗಂಟಲವರೆಗೆ ರಬ್ಬರಿನ ನಳಿಕೆ ಇದೆ. ಅದರ ತುದಿಗೆ ಯಾರೋ ಗಾಳಿ ಊದುತ್ತಿದ್ದಾರೆ. ಅವರು ಊದಿದರೆ ಎದೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ನಡುವೆ ತಾನು ಅನ್ನುವವನು ಎಲ್ಲೂ ಇಲ್ಲ.

ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಎಳ್ಳಿನ ಗಾತ್ರದ ಸಂದಿಯಲ್ಲಿ ಮಾಡಿನ ತಗಡು, ಒಂದು ದೀಪದ ಬುರುಡೆ ಕಾಣುತ್ತಿತ್ತು. ಕಣ್ಣು ತಿರುಗಿಸಲು ಹೋದ, ತಿರುಗಲಿಲ್ಲ. ಕಾಲ್ಬೆರಳಿಗೆ ಅಲ್ಲಾಡು ಅಂದ. ಮನಸ್ಸು ಹೇಳಿತು, ಆ ಮಾತು ಹೋಯಿತು ಅಂತಲೂ ಗೊತ್ತಾಯಿತು, ಬೆರಳು ಕೇಳಿಸಿಕೊಳ್ಳಲಿಲ್ಲ. ಯಾರೂ ಇಲ್ಲದ ಊರಿನಲ್ಲಿ ಮನೆಮನೆಯ ಬಾಗಿಲು ತಟ್ಟುತ್ತಾ ಹೋದ ಹಾಗೆ, ತನ್ನ ಮೈಯ ಒಂದೊಂದು ಕಡೆಗೂ ಹೋಗಿ ಬಂದ. ಎಲ್ಲ ಬಾಗಿಲೂ ಒಳಗಿನಿಂದ ಅಗುಳಿ ಹಾಕಿದ್ದವು. ಒಂದು ನೊಣ ಬಂದು ಮೂಗಿನ ಮೇಲೆ ಕೂತಿತು, ನಿಧಾನವಾಗಿ ತುಟಿಯವರೆಗೆ ನಡೆದು ಬಂತು, ಅಲ್ಲಿ ಕೂತು ಕೈ ಉಜ್ಜಿಕೊಂಡಿತು. ಮುಂದೆ ಅವನು ಆ ದಿನದ ಮಾತು ಎತ್ತಿದಾಗಲೆಲ್ಲ ಆಪರೇಷನ್ನಿಗಿಂತ ಆ ನೊಣವನ್ನೇ ಹೆಚ್ಚು ಬೈಯುತ್ತಿದ್ದ.

“ಇನ್ನೂ ಎಷ್ಟು ಹೊತ್ತು ಒತ್ತುತ್ತೀರಾ?” ಇದು ಸರ್ಜನ್ನರ ದನಿ. “ಹೊಲಿಗೆ ಹಾಕಿ ಎಷ್ಟು ಹೊತ್ತಾಯ್ತು.”

“ನಾಡಿ ಚೆನ್ನಾಗಿದೆ ಸಾರ್. ಮದ್ದು ಇಳಿದಿಲ್ಲ, ಅಷ್ಟೇ. ಬೇರೆಯೋರಿಗೆ ಒಂದು ಲೋಟ ಕಾಫಿ ಆರೋಷ್ಟರಲ್ಲಿ ಇಳಿಯುತ್ತೆ. ಇವರಿಗೆ ಇಳೀತಿಲ್ಲ.” ಖುರ್ಷೀದಾ ಡಾಕ್ಟ್ರಮ್ಮನ ದನಿ ತಲೆಯ ಹಿಂದಿನಿಂದಲೇ ಬರುತ್ತಿತ್ತು. ಹಾಗಾದರೆ ಗಾಳಿ ಒತ್ತುತ್ತಿದ್ದವರು ಅವರೇ.

ಬಾಗಿಲಲ್ಲಿ ನಿಂತಿದ್ದ ತಿಮ್ಮವ್ವ ಒಳಗೆ ಬಂದದ್ದು ಬಳೆಯ ಸದ್ದಿನಿಂದ ತಿಳಿಯಿತು. “ಅಮ್ಮಾರೆ, ಯಾಕ ಏಳವಲ್ಲರು? ಏನಾಗೈತೆ ಹೇಳ್ರಿ. ಮುಚ್ಚಿಡಬ್ಯಾಡ್ರಿ.”

ಆ ಮದ್ದಿನ ಹೆಸರು ಸಕ್ಸಾಮೆಥೋನಿಯಂ. ಹೇಳಲು ಹಲ್ಲು ಗಟ್ಟಿ ಇರಬೇಕು. ಡಾಕ್ಟ್ರಮ್ಮ ಹೆಸರು ಹೇಳಲು ಹೋಗಲಿಲ್ಲ. ಕೈಯಲ್ಲಿದ್ದ ಕಪ್ಪು ರಬ್ಬರ್ ಚೀಲವನ್ನು ಒತ್ತುತ್ತಲೇ, ಅವಳಿಗೆ ತಿಳಿಯುವ ಹಾಗೆ ಹೇಳಿದರು.

“ನೋಡಮ್ಮ, ಕೈ ಎತ್ತಬೇಕು ಅಂದ್ಕೊಂಡ್ರೆ ತಲೆಯಿಂದ ನರದ ಗುಂಟ ಹುಕುಂ ಬರ್ತದೆ. ಆದ್ರೆ ನರ ಹೋಗಿ ಮಾಂಸಕ್ಕೆ ಅಂಟಿಕೊಂಡಿರಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಐತೆ. ನರದ ತುದಿಯಿಂದ ಒಂದು ರಸ ಜಿನುಗಿ ಆ ಸಂದು ದಾಟಿ ಮಾಂಸದ ಬಾಗಿಲು ತಟ್ತದೆ. ಬಾಗಿಲು ತೆಗೀತದೆ, ಮಾಂಸ ಬಿಗೀತದೆ, ಕೈ ಏಳ್ತದೆ. ತಟ್ಟಿದ ಕೂಡ್ಲೆ ಆ ರಸಾನ ಕತ್ತರಿಸಿ ಹಾಕೋಕೂ ಅಲ್ಲೇ ಒಂದು ಕತ್ತರಿ ಐತೆ. ಇಲ್ಲಾಂದ್ರೆ ಎತ್ತಿದ ಕೈ ಮತ್ತೆ ಇನ್ನೊಂದು ಹುಕುಮಿಗೆ ಒದಗಲ್ಲ.”

“ಇವರಿಗೆ ರಸ ಕಮ್ಮಿ ಆಗೈತೇನ್ರಿ?”

“ಇಲ್ಲ. ನಾ ಕೊಟ್ಟ ಮದ್ದು ಆ ರಸದ ವೇಷ ಹಾಕ್ಕೊಂಡು ಹೋಗಿ ಬಾಗಿಲಾಗೆ ಕೂತೈತೆ. ನಿಜವಾದ ಹುಕುಂ ಬಂದ್ರೆ ಒಳಗೆ ಜಾಗ ಇಲ್ಲ. ಮೈ ಸಡಿಲಾಗ್ಲಿ ಅಂತ ನಾವೇ ಹಂಗೆ ಮಾಡೋದು. ಅದನ್ನ ಕಡಿದು ಹಾಕೋಕೆ ಎಲ್ಲರ ರಕ್ತದಾಗೂ ಇನ್ನೊಂದು ಕತ್ತರಿ ಇರ್ತದೆ. ನಿಮ್ಮ ಯಜಮಾನರ ರಕ್ತದಾಗೆ ಆ ಕತ್ತರಿ ಹುಟ್ಟಿನಿಂದ್ಲೇ ಮೊಂಡು ಅಂತ ಕಾಣ್ತದೆ. ಸಾವಿರಾರು ಜನದಾಗೆ ಒಬ್ಬರಿಗೆ ಹಂಗಿರ್ತದೆ.”

ಮೂರು ಹೋಬಳಿಯ ಕತ್ತರಿಗೆ ಸಾಣೆ ಹಿಡಿದ ಗುತ್ತೆಪ್ಪ ಇದನ್ನು ಮಲಗಿದ್ದಲ್ಲೇ ಕೇಳಿಸಿಕೊಂಡ.

“ಮೊಂಡಾದ್ರೆ ಮಸೀಬೋದಲ್ರಿ,” ಅಂದಳು ತಿಮ್ಮವ್ವ.

“ಈ ಕತ್ತರಿಗೆ ಸಾಣೆ ಇಲ್ಲಮ್ಮ. ಮೊಂಡು ಕತ್ತರೀಲೇ ನಿಧಾನಕ್ಕೆ ಕಡೀಬೇಕು, ಉಳಿದಿದ್ದು ಉಚ್ಚೆಗುಂಟ ಹೋಗ್ಬೇಕು. ಗುಂಡಿಗೆಗೆ ಈ ಬಾಗಿಲಿನ ಹಂಗಿಲ್ಲ, ಅದು ಬಡ್ಕೊಂತಾನೇ ಐತೆ. ಉಸಿರಿಗೆ ಮಾತ್ರ ಹಂಗು ಐತೆ. ಅದು ಇಳಿಯೋಗಂಟ ಅವರ ಬದಲು ನಾವು ಉಸಿರಾಡ್ಬೇಕು. ಬಿಟ್ರೆ ಹೋದ್ರು.”

ಬಿಟ್ಟರೆ ಹೋದರು. ಆ ಮಾತು ಗುತ್ತೆಪ್ಪನ ಕಿವಿಯೊಳಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ಅಲ್ಲಿಂದ ಮುಂದೆ ಅವನು ಬೇರೆ ಏನನ್ನೂ ಲೆಕ್ಕಿಸಲಿಲ್ಲ. ಫುಸ್ಸ್ ಅನ್ನುವುದು ಒಂದನ್ನೇ ಕಾಯುತ್ತಾ ಮಲಗಿದ. ಒಂದು ಮುಗಿದು ಇನ್ನೊಂದು ಬರುವವರೆಗಿನ ಹೊತ್ತು ಎಷ್ಟು ಉದ್ದ ಅಂದರೆ, ಅಷ್ಟರಲ್ಲಿ ಹರಿಹರಕ್ಕೆ ನಡೆದು ಹೋಗಿ ಹೊಳೆಯಲ್ಲಿ ಮುಳುಗಿ ಬರಬಹುದಿತ್ತು ಅನ್ನುತ್ತಿದ್ದ.

ಮಧ್ಯಾಹ್ನದ ಗಿರಣಿ ಕೂಗುವುದಕ್ಕೂ ಆಸ್ಪತ್ರೆಯ ಮುಂದೆ ಜಟಕಾ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಹತ್ತಿ ಬಿಡಿಸುವ ಯಂತ್ರಕ್ಕೆ ಕೈ ಕೊಟ್ಟವನೊಬ್ಬನನ್ನು ತಂದಿದ್ದರು. ರಕ್ತ ನಿಲ್ಲುತ್ತಿರಲಿಲ್ಲ. ಮತ್ತು ಕೊಡಲು ಊರಿನಲ್ಲಿ ಆ ಹೊತ್ತಿಗೆ ಇದ್ದವರು ಖುರ್ಷೀದಾ ಒಬ್ಬರೇ. ಅವರು ಗುತ್ತೆಪ್ಪನ ಮಂಚವನ್ನು ಪಕ್ಕದ ಕೋಣೆಗೆ ತಳ್ಳಿಸಿ, ಆಸ್ಪತ್ರೆಯ ಆಳು ಹಯಾತ್ ಸಾಬ್‌ನ ಕೈಗೆ ಚೀಲ ಕೊಟ್ಟು, ಹೀಗೆ ಒತ್ತು, ಹೀಗೆ ಬಿಡು ಅಂತ ತೋರಿಸಿ ಓಡಿದರು. ಹಯಾತ್ ಸಾಬ್ ಒಳ್ಳೆಯವನು, ಆದರೆ ಅವನ ಕೈ ಹದ ತಪ್ಪುತ್ತಿತ್ತು. ಒಮ್ಮೆ ಬಿರುಸು, ಒಮ್ಮೆ ಮರೆವು. ಸ್ವಲ್ಪ ಹೊತ್ತಿಗೆ ಅತ್ತ ಕಡೆಯಿಂದ ಅವನನ್ನೂ ಕೂಗಿದರು, ಕೈ ಕಾಲು ಹಿಡಿಯಲು ಜನ ಸಾಲದು ಅಂತ.

“ತಂಗೆಮ್ಮ, ಏನ್ ಮಾಡ್ಲಿ? ಇದನ್ನ ಬಿಡಂಗಿಲ್ಲ, ಅಲ್ಲಿ ಹೋಗ್ದೆ ಇರಂಗಿಲ್ಲ.”

“ತರ್ರಿ ಇಲ್ಲಿ,” ಅಂದಳು ತಿಮ್ಮವ್ವ. “ಇದನ್ನ ನಾನು ಮದುವ್ಯಾದಾಗಿಂದ ಮಾಡ್ಕೊಂತ ಬಂದೀನಿ.”

ಮೊದಲ ಒತ್ತಿಗೇ ಗುತ್ತೆಪ್ಪನಿಗೆ ಗುರುತು ಸಿಕ್ಕಿತು. ಒತ್ತುವಾಗ ಮೆತ್ತಗೆ ಸುರುವಾಗಿ ನಡುವೆ ಗಟ್ಟಿಯಾಗಿ, ಕೊನೆಗೆ ಒಂದು ಸಣ್ಣ ತಡೆ. ವರ್ಷಗಟ್ಟಲೆ ಅವನ ಬೆಂಕಿಯನ್ನು ಊದಿದ ಕೈ. ಅದೇ ಗಾಳಿ ಈಗ ಪಕ್ಕೆಲುಬಿನ ಒಳಗೆ ಬಂದು ಹೋಗುತ್ತಿತ್ತು. ಅವನಿಗೆ ಸಮಾಧಾನವಾಯಿತು ಅಂತ ನೀವು ಅಂದುಕೊಂಡಿರಬಹುದು. ಇಲ್ಲ, ಮೈ ಜುಮ್ಮೆಂದಿತು. ಇದ್ದಿಲಿಗೆ ಹೀಗೇ ಆಗುತ್ತಿತ್ತೇನೋ ಅನ್ನಿಸಿತಂತೆ.

ಅದೇ ಹೊತ್ತಿಗೆ ಅವ್ವ ಚೌಡವ್ವನೂ ಅಣ್ಣ ಮಾಲತೇಶಪ್ಪನೂ ಬಂದರು. ಇಬ್ಬರೂ ಕೊಕ್ಕನೂರಿನಲ್ಲಿದ್ದರು. ಮಗನ ಆಪರೇಷನ್ ಅಂತ ಹೊರಟವರು ಹರಿಹರದಲ್ಲಿ ಇಳಿದು, ಅವನು ಎದ್ದ ಮೇಲೆ ಕುಡಿಸಲು ಚೊಂಬಿನಲ್ಲಿ ತುಂಗಭದ್ರೆಯ ನೀರು ತುಂಬಿಕೊಂಡು, ಗುಡಿಯ ವಿಭೂತಿ ಕಟ್ಟಿಸಿಕೊಂಡು ಬಸ್ಸು ಹತ್ತಿದ್ದರು. ಬಂದು ನೋಡಿದರೆ ಮಗ ಹೀಗೆ.

ಚೌಡವ್ವ ಕೊಕ್ಕನೂರಿನಲ್ಲಿ ಹೆಸರಾದ ಹೆಂಗಸು. ಊರಲ್ಲಿ ಯಾರೇ ಸತ್ತರೂ ಮೈ ತೊಳೆಯಲು ಅವಳೇ ಬೇಕು. ಸಾವಿನ ಮನೆಯಲ್ಲಿ ಹಾಡಿ ಅಳಲೂ ಅವಳೇ ಬೇಕು. ಅವಳು ಮಗನ ಕೈ ಎತ್ತಿದಳು, ಬಿಟ್ಟಳು. ಕೈ ತೊಪ್ಪನೆ ಬಿತ್ತು. ಗದ್ದ ಹಿಡಿದು ಅಲ್ಲಾಡಿಸಿದಳು. ಕಣ್ಣಿನ ಸಂದಿಗೆ ಮುಖ ತಂದು ನೋಡಿದಳು. ಗುತ್ತೆಪ್ಪನಿಗೆ ಅವ್ವನ ಮುಖ ಅಷ್ಟು ಹತ್ತಿರದಲ್ಲಿ ಕಂಡದ್ದು ಹಾಲು ಬಿಟ್ಟ ಮೇಲೆ ಅದೇ ಮೊದಲು. ಅವಳಿಗೆ ಅವನು ಕಾಣಲಿಲ್ಲ.

“ಹೋಗೈತೆ,” ಅಂದಳು. “ಬಿಡೇ ತಿಮ್ಮಿ. ಹೋಗೈತೆ.”

“ಇಲ್ಲ ಅತ್ತಿ. ನಾಡಿ ಐತಂತೆ. ಮದ್ದು ಇಳಿದಿಲ್ಲಂತೆ. ಡಾಕ್ಟ್ರಮ್ಮ ಹೇಳ್ಯಾರೆ.”

ಚೌಡವ್ವ ಮಣಿಕಟ್ಟು ಹಿಡಿದು ನೋಡಿದಳು. “ಇದು ಚೀಲದ ನಾಡಿ. ನೀನು ಒತ್ತೋದು ಬಿಟ್ರೆ ನಿಲ್ತದೆ ನೋಡು. ಹೋಗೋ ಜೀವಾನ ಚೀಲದಾಗೆ ಹಿಡ್ಕೊಂಡು ಒಳಗೆ ಹೊರಗೆ ಆಡಿಸಾಕ ಹತ್ತೀರಿ. ಅದಕ್ಕೆ ಎಷ್ಟು ಸಂಕಟ ಆಗ್ತಿರಬ್ಯಾಡ. ಬಾಯಿಗೆ ಹೊಳೆ ನೀರು ಬಿಟ್ಟು ಕಳಿಸಾನ. ಆ ರಬ್ಬರ್ ತೆಗಿ.”

ಈಗ ಹೇಳಿ, ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ? ಒತ್ತುವುದು ಬಿಟ್ಟರೆ ನಾಡಿ ನಿಲ್ಲುತ್ತಿತ್ತು, ನಿಜವೇ. ಬಾಯಲ್ಲಿ ನಳಿಕೆ ಇದ್ದರೆ ಕೊನೆಯ ನೀರು ಬಿಡಲು ಜಾಗವಿಲ್ಲ, ಅದೂ ನಿಜವೇ. ನೀರು ಸಿಗದೆ ಹೋದವನು ಬಾಯಾರಿಕೊಂಡು ಬಾಗಿಲಲ್ಲೇ ತಿರುಗುತ್ತಾನೆ ಅಂತ ನಂಬಿದ ತಾಯಿ ಅವಳು. ಮಗನ ಮೇಲಿನ ಪ್ರೀತಿಯಿಂದಲೇ ಮಗನನ್ನು ಕೊಲ್ಲಲು ಕೈ ಚಾಚಿದ್ದಳು. ಗುತ್ತೆಪ್ಪ ಒಳಗೇ ಕಿರುಚಿದ. ಆ ಕಿರುಚು ನರದ ಗುಂಟ ಎಲ್ಲೆಲ್ಲೋ ಓಡಿ, ಮುಚ್ಚಿದ ಬಾಗಿಲುಗಳಿಗೆ ಡಿಕ್ಕಿ ಹೊಡೆದು, ವಾಪಸು ಅವನ ಹತ್ತಿರವೇ ಬಂತು.

“ಅವರು ಸಾಕು ಅನ್ಲಿ, ಬಿಡ್ತೀನಿ,” ಅಂದಳು ತಿಮ್ಮವ್ವ.

“ಹೆಣ ಸಾಕು ಅಂತದೇನೇ?”

“ಅನ್ನಲ್ಲ ಅಂದ್ರೆ ನಾನು ಬಿಡೋದೂ ಇಲ್ಲ.”

“ಮಾಲತೇಶ, ಇಕಿನ ಆಚಿಗೆ ಎಳಿಯೋ.”

ಮಾಲತೇಶಪ್ಪ ಮುಂದೆ ಬಂದ. ತಿಮ್ಮವ್ವ ಚೀಲ ಬಿಡದೆ, ತಿರುಗಿಯೂ ನೋಡದೆ ಅಂದಳು:

“ಭಾವಾರೆ, ತಮ್ಮನ ಹೆಂಡ್ತಿ ಮೈ ಮುಟ್ಟಿದ್ರು ಅಂತ ಕೊಕ್ಕನೂರು ತುಂಬ ಹೇಳ್ಕೊಂತ ಬರ್ತೀನಿ. ಆಮ್ಯಾಲೆ ನಿಮ್ಮ ಮಗಳಿಗೆ ಯಾರು ಗಂಡು ಕೊಡ್ತಾರೆ ನೋಡಾನ.”

ತಮ್ಮನ ಹೆಂಡತಿಯ ಸೆರಗು ತಾಗಿದರೂ ಸ್ನಾನ ಮಾಡುವ ಕಾಲ. ಮಾಲತೇಶಪ್ಪ ಚಾಚಿದ ಕೈಯನ್ನು ಹಾಗೇ ತಲೆ ಕೆರೆದುಕೊಳ್ಳಲು ಬಳಸಿಕೊಂಡು ಗೋಡೆಗೆ ಸರಿದ. ಸರಿದವನು ಸುಮ್ಮನಿರಬೇಕಲ್ಲ. “ಅವ್ವ, ಹೆಣ ಒಯ್ಯಾಕ ಗಾಡಿ ಹೊಡಸಬೇಕು,” ಅಂದ. “ಮಣ್ಣು ಮಾಡಾಕ ಹೆಂಗೂ ಗಾಡಿ ಕೊಕ್ಕನೂರಿಗೆ ಬರ್ತದೆ. ಅಪ್ಪಾರ ಕಾಲದ ಅಡಿಗಲ್ಲನ್ನೂ ಅದರಾಗೇ ಹಾಕ್ಕೊಂಡು ಬಂದ್ರಾತು.”

ಕಬ್ಬಿಣ ಬಡಿಯುವ ತನ್ನ ಅಡಿಗಲ್ಲು ತನ್ನ ಹೆಣದ ಪಕ್ಕದಲ್ಲೇ ಗಾಡಿಯಲ್ಲಿ ಹೋಗುವುದನ್ನು ಗುತ್ತೆಪ್ಪ ಕಣ್ಣಾರೆ ಕಂಡ. ಕಲ್ಲಿನ ಭಾರಕ್ಕೆ ಗಾಡಿ ಒಂದು ಕಡೆ ವಾಲುತ್ತದೆ, ಸರಿಯಾಗಿ ಕಟ್ಟದಿದ್ದರೆ ನನ್ನ ಮೇಲೇ ಉರುಳುತ್ತದೆ ಅಂತಲೂ ಅನ್ನಿಸಿತು. ಅಂಥ ಹೊತ್ತಿನಲ್ಲೂ ಮನುಷ್ಯನ ಬುದ್ಧಿ ಹೇಗೆ ಓಡುತ್ತದೆ ನೋಡಿ.

ಚೌಡವ್ವ ತಲೆದೆಸೆಯಲ್ಲಿ ಕೂತು ಹಾಡು ಎತ್ತಿದಳು.

“ಊರಿಗೆಲ್ಲ ಕುಡುಗೋಲು ಬಡಿದವನೇ, ಹೆತ್ತವ್ವಗೆ ಒಂದು ಈಳಿಗೆ ಕೊಡದವನೇ, ನನ ಕಂದಾ… ಕೆಂಡ ಮುಟ್ಟಿ ನಕ್ಕವನೇ, ನಾಕು ಮಾತಿಗೆ ಮುನಿದವನೇ, ನನ ಕಂದಾ… ಇದ್ದಾಗ ಕೊಕ್ಕನೂರ ದಾರಿ ಮರೆತವನೇ, ಸತ್ತು ದಾರಿ ಹಿಡಿದೆಯಲ್ಲೋ, ನನ ಕಂದಾ…”

ದನಿ ತಗಡಿನ ಮಾಡಿಗೆ ಹೋಗಿ ನಡುಗುತ್ತಾ ಕೆಳಗೆ ಬರುತ್ತಿತ್ತು. ಹಾಡು ಒಂದು ಕಡೆ, ಫುಸ್ಸ್ ಒಂದು ಕಡೆ. ಹಾಡಿನ ಎಳೆತಕ್ಕೆ ತಿಮ್ಮವ್ವನ ಕೈಯೂ ನಿಧಾನವಾಗಿ ಸಿಕ್ಕಿಕೊಳ್ಳತೊಡಗಿತು. ಅವಳೂ ಹೆಂಗಸೇ ಅಲ್ಲವೇ, ಅಂಥ ಹಾಡಿಗೆ ಸೊಸೆಯಾದವಳು ದನಿಗೂಡಿಸಲೇಬೇಕು. ಅವಳ ಗಂಟಲಿನಲ್ಲಿ ಒಂದು ಬಿಕ್ಕು ಬಂತು. ಬಿಕ್ಕಿದಾಗ ಚೀಲ ತಡೆಯಿತು. ಗುತ್ತೆಪ್ಪನ ಕಣ್ಣ ಸಂದಿಯ ಬೆಳಕು ಅಂಚಿನಿಂದ ಕಪ್ಪಾಗುತ್ತಾ ಬಂತು. ತಗಡು ಹೋಯಿತು, ಬುರುಡೆ ಹೋಯಿತು. ಹಾಡು ಮಾತ್ರ ಉಳಿಯಿತು, ಅದೂ ಹೊಳೆಯ ಆಚೆ ದಡದಿಂದ ಬಂದ ಹಾಗೆ. ಅಲ್ಲಿ ಯಾರೋ ತನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು ಅಂತ ಅವನು ಹೇಳುತ್ತಿದ್ದ. ಯಾರು ಅಂತ ಕೇಳಿದರೆ ಮಾತು ತಿರುಗಿಸುತ್ತಿದ್ದ.

“ಹಾಡಬ್ಯಾಡ್ರಿ ಅತ್ತಿ,” ತಿಮ್ಮವ್ವ ಹಲ್ಲು ಕಚ್ಚಿದಳು. “ನನ್ನ ಕೈ ತಪ್ತದೆ.” ಮತ್ತೆ ಒತ್ತಿದಳು. ಬೆಳಕು ಮರಳಿತು.

ಚೌಡವ್ವ ಹಾಡು ನಿಲ್ಲಿಸಿದಳು, ಆದರೆ ಕೆಲಸ ನಿಲ್ಲಿಸಲಿಲ್ಲ. ಚೊಂಬಿನಲ್ಲಿ ಬೆರಳು ಅದ್ದಿದಳು. ತಣ್ಣನೆಯ ಒಂದು ಹನಿ ಗುತ್ತೆಪ್ಪನ ಕೆಳತುಟಿಯ ಮೇಲೆ ಬಿದ್ದು ನಳಿಕೆಯ ಗುಂಟ ಗದ್ದಕ್ಕೆ ಇಳಿಯಿತು. ಹೊಳೆಯ ಪಾಚಿಯ ವಾಸನೆ. ಎರಡು ಬೆರಳು ಬಂದು ನಳಿಕೆಯನ್ನು ಹಿಡಿದವು. ತಿಮ್ಮವ್ವನ ಎರಡು ಕೈಯೂ ಚೀಲದ ಮೇಲಿದ್ದವು. ತಡೆಯಲು ಅವಳಿಗೆ ಮೂರನೆಯ ಕೈ ಇರಲಿಲ್ಲ.

“ಮೊದ್ಲು ಇಬತ್ತಿ ಹಚ್ಚು ಅವ್ವ,” ಅಂದ ಮಾಲತೇಶಪ್ಪ. “ನೀರು ಆಮ್ಯಾಲೆ.”

ಸತ್ತವನ ಹಣೆಗೆ ವಿಭೂತಿ ಹಚ್ಚಿದ ಮೇಲೆಯೇ ಬಾಯಿಗೆ ನೀರು ಬಿಡುವುದು ಅವರ ಮನೆಯ ಪದ್ಧತಿ. ಚೌಡವ್ವ ಬೆರಳು ತೆಗೆದಳು, ಗಂಟು ಬಿಚ್ಚಿದಳು. ಒಣ ವಿಭೂತಿಯಲ್ಲಿ ಹಣೆಯ ಉದ್ದಕ್ಕೂ ಗೆರೆ ಎಳೆದಳು. ಗೆರೆ ನಿಲ್ಲಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಎಳೆದಳು. ಬೂದಿ ಕೆಸರಾಗಿ ಹುಬ್ಬಿನ ಕಡೆ ಇಳಿಯಿತು. ಹಣೆಯ ಮೇಲೆ ಜೋಳದ ಕಾಳಿನಂಥ ಹನಿಗಳು ಒಂದೊಂದಾಗಿ ಮೂಡುತ್ತಿದ್ದವು. ಕಿರುಚಲು ದಾರಿ ಸಿಗದೆ ಗುತ್ತೆಪ್ಪನ ಹೆದರಿಕೆಯೆಲ್ಲ ಬೆವರಾಗಿ ಹೊರಗೆ ಬರುತ್ತಿತ್ತು. ಬೆವರಿಗೆ ಆ ಬಾಗಿಲಿನ ಹಂಗಿರಲಿಲ್ಲ.

ಚೌಡವ್ವ ತನ್ನ ಬೆರಳನ್ನೇ ನೋಡುತ್ತಾ ಕೂತಳು. ಬೆರಳನ್ನು ಬಾಯಿಗೆ ಇಟ್ಟುಕೊಂಡಳು. ಉಪ್ಪು.

“ಮಾಲತೇಶ.”

“ಏನವ್ವ?”

“ನಾನು ಎಷ್ಟು ಹೆಣ ತೊಳ್ದೀನಿ, ನಿಂಗೆ ಗೊತ್ತೈತೆ.”

“ಐತೆ.”

“ಹೆಣ ತಣ್ಣಗಾಗ್ತದೆ, ಬಿರುಸಾಗ್ತದೆ, ಉಬ್ತದೆ. ಬೆವರಾದಿಲ್ಲ.”

ಅವಳು ಮಗನ ಕಿವಿಯ ಹತ್ತಿರ ಬಗ್ಗಿದಳು. ದನಿ ಮೊದಲಿನದಲ್ಲ, ಬಾವಿಯೊಳಗೆ ಬಿದ್ದವನನ್ನು ಮಾತಾಡಿಸುವ ದನಿ.

“ಗುತ್ತ, ಒಳಗದೀಯೇನಪ್ಪ?”

ಇನ್ನೊಂದು ಹನಿ ಕಿವಿಯ ಪಕ್ಕದಲ್ಲಿ ಇಳಿಯಿತು. ಚೌಡವ್ವ ಎದ್ದು ಚೊಂಬನ್ನು ಕಿಟಕಿಯ ಹೊರಗೆ ಬಗ್ಗಿಸಿ ನೀರೆಲ್ಲ ಚೆಲ್ಲಿದಳು. ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಸೆಯ ಪಕ್ಕದಲ್ಲಿ ನಿಂತಳು.

“ಏನೇ ಇದು ಒತ್ತೋದು, ರೊಟ್ಟಿ ತಟ್ಟಿದಂಗೆ. ಹೊಟ್ಟೆಗೆ ಉಂಡಿಲ್ಲೇನು? ಗಟ್ಟಿ ಒತ್ತು.”

ಮಾಲತೇಶಪ್ಪ ಬೀಡಿ ಸೇದಿ ಬರುತ್ತೇನೆ ಅಂತ ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿತ್ತು. ಅತ್ತೆ ಸೊಸೆ ಸರದಿಯ ಮೇಲೆ ಒತ್ತಿದರು. ಆಗ ತಿಮ್ಮವ್ವನ ಕೈಯಲ್ಲಿ ಒಂದು ಸಂಗತಿ ಆಯಿತು. ಅವಳು ಒತ್ತುವ ಮೊದಲೇ ಚೀಲ ಸಣ್ಣಗೆ ಕುಗ್ಗಿತು. ಅವಳು ಬೆಚ್ಚಿದಳು. ಆ ಕಡೆಯಿಂದ ಯಾರೋ ಅದನ್ನು ಜಗ್ಗುತ್ತಿದ್ದರು. ತಿದಿಯನ್ನು ಬೆಂಕಿಯೇ ಎಳೆದುಕೊಂಡರೆ ಹೇಗಿರುತ್ತದೆ, ಹಾಗೆ.

“ಅತ್ತಿ, ಇದು ತಾನೇ ಎಳೀತದೆ.”

“ಏನು?”

“ಚೀಲ. ನನ್ನ ಕೈಯಾಗಿಂದ ಕಸ್ಕೊಂತೈತೆ.”

ಅಷ್ಟರಲ್ಲಿ ಇಣುಕಿ ನೋಡಲು ಬಂದಿದ್ದ ಹಯಾತ್ ಸಾಬ್ ಓಡಿ ಹೋಗಿ ಖುರ್ಷೀದಾ ಅವರನ್ನು ಕರೆತಂದ. ಅವರ ತೋಳಿನ ತುಂಬ ಇನ್ನೊಬ್ಬನ ರಕ್ತ. ಗುತ್ತೆಪ್ಪನ ಎದೆ ನೋಡಿದರು, ತಲೆ ಎತ್ತು ಅಂದರು. ಅವನು ಎತ್ತಲು ನೋಡಿದ. ಬಾಗಿಲುಗಳು ಒಂದೊಂದಾಗಿ ಬಿಡುತ್ತಿದ್ದವು, ಬಹಳ ದಿನ ಹಾಕಿದ್ದ ಮನೆಯ ಬಾಗಿಲಿನ ಹಾಗೆ, ಕಿರುಗುಟ್ಟುತ್ತಾ. ಮೊದಲು ರೆಪ್ಪೆ, ಆಮೇಲೆ ನಾಲಗೆಯ ಬುಡ, ಆಮೇಲೆ ಕತ್ತು. ತಲೆ ಎದ್ದು ನಿಂತಿತು. ಅವರು ಸ್ವಲ್ಪ ಕಾದು, ಮತ್ತೊಮ್ಮೆ ಎತ್ತಿಸಿ, ನಳಿಕೆಯನ್ನು ಹೊರಗೆಳೆದರು. ಗುತ್ತೆಪ್ಪ ಕೆಮ್ಮಿ ಕೆಮ್ಮಿ ತನ್ನ ಉಸಿರು ತಾನೇ ತೆಗೆದುಕೊಂಡ. ತಿಮ್ಮವ್ವ ಮಾತ್ರ ಬರಿದಾದ ಚೀಲವನ್ನು ಇನ್ನೂ ಒತ್ತುತ್ತಿದ್ದಳು. ಡಾಕ್ಟ್ರಮ್ಮ ಅವಳ ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ದನಿ ಬಂದ ಮೇಲೆ ಅವನು ಆಡಿದ ಮೊದಲ ಮಾತು ಅಣ್ಣನಿಗೆ. “ಅಡಿಗಲ್ಲು ಅಲ್ಲೇ ಇರ್ಲಿ.” ಎರಡನೆಯದು ಅವ್ವನಿಗೆ. “ಈಳಿಗೆ ಮಾಡಿಕೊಡ್ತೀನಿ, ಹಾಡಬ್ಯಾಡ.” ಆಮೇಲೆ ಕೆಲವು ದಿನ ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ ನೋಯುತ್ತಿತ್ತು. ಅದೂ ಆ ಮದ್ದಿನದೇ ಕೆಲಸ ಅಂದರು ಡಾಕ್ಟ್ರಮ್ಮ. ಇದು ರಕ್ತದಲ್ಲಿ ಬಂದದ್ದು, ಅಣ್ಣನಿಗೂ ಇರಬಹುದು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಈ ಮಾತು ಹೇಳಬೇಕು ಅಂತಲೂ ಎಚ್ಚರಿಸಿದರು. ಚೌಡವ್ವನಿಗೆ ಅದು ಹಿಡಿಸಲಿಲ್ಲ. “ನನ್ನ ಹಾಲಿನಾಗೆ ಮೊಂಡು ಎಲ್ಲೈತೆ? ಇದ್ರೆ ಅವರಪ್ಪನ ಕಡಿಂದ,” ಅಂದಳು. ಇಬ್ಬರ ಕಡೆಯಿಂದಲೂ ಬಂದರೇ ಹೀಗೆ ಆಗುವುದು ಅಂತ ಡಾಕ್ಟ್ರಮ್ಮ ಹೇಳಿದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ಹೇಳಲು ಬಾಯಿ ನಡೆಯದಿದ್ದರೆ? ಗುತ್ತೆಪ್ಪನ ತಲೆಯಲ್ಲಿ ಇದು ಕೊರೆಯಿತು. ಹಚ್ಚೆ ಹಾಕುವ ಮರಿಯವ್ವನನ್ನು ಕರೆಸಿ ಬಲಗೈಯ ಮೇಲೆ ಒಂದು ಇಂಜೆಕ್ಷನ್ ಸೂಜಿ, ಅದರ ಮೇಲೆ ಅಡ್ಡ ಗೆರೆ ಹಾಕಿಸಿಕೊಂಡ. ಅವಳು ಅಂಥದ್ದನ್ನು ಎಂದೂ ಕೊರೆದವಳಲ್ಲ. ಅದು ಚೇಳಿನ ಹಾಗೆ ಬಂತು. ಜನ ಅವನಿಗೆ ಚೇಳಿನ ಮಂತ್ರ ಬರುತ್ತದೆ ಅಂದುಕೊಂಡು ಕಡಿಸಿಕೊಂಡವರನ್ನೆಲ್ಲ ಕುಲುಮೆಗೆ ಕರೆತರುತ್ತಿದ್ದರು. ಅವನು ಅವರ ಹಣೆ ಮುಟ್ಟಿ ನೋಡಿ, ಬೆವರುತ್ತಿದ್ದಾರೆ, ಭಯವಿಲ್ಲ ಅಂತ ಕಳಿಸುತ್ತಿದ್ದ. ಊರಲ್ಲಿ ಯಾರಾದರೂ ಸತ್ತರೆ ಹೆಣದ ಕಿವಿಯಲ್ಲಿ ಬಗ್ಗಿ ಏನೋ ಕೇಳಿ, ಉತ್ತರಕ್ಕೆ ಅಷ್ಟು ಹೊತ್ತು ಕಾದ ಮೇಲೆಯೇ ಎತ್ತಲು ಬಿಡುತ್ತಿದ್ದ. ಅವನು ಬಂದ ಅಂದರೆ ಸತ್ತ ಮನೆಯವರು ಅಡಿಗಲ್ಲು, ಆಸ್ತಿ ಅಂತ ಮಾತು ಎತ್ತುತ್ತಿರಲಿಲ್ಲ.

ಇಷ್ಟಾದರೂ ನೀವು ನಗುತ್ತಿದ್ದೀರಿ. ನಗಿ. ಆದರೆ ಇದೊಂದನ್ನು ಕೇಳಿ. ಅದಾದ ಮೇಲೆ ತಿಮ್ಮವ್ವ ಮಲಗಿದಾಗಲೆಲ್ಲ ಅವಳ ಬಲಗೈ ನಿದ್ದೆಯಲ್ಲೇ ಮುಚ್ಚಿ ಬಿಚ್ಚಿ ಮುಚ್ಚಿ ಬಿಚ್ಚಿ ಆಡುತ್ತಿತ್ತು. ಒಂದು ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಅಡ್ಡಾಗಿದ್ದ ಗುತ್ತೆಪ್ಪ ಪಕ್ಕಕ್ಕೆ ತಿರುಗಿ ನೋಡಿದ. ಆ ಕೈ ಮುಚ್ಚಿದಾಗ ತನ್ನ ಎದೆ ಏರುತ್ತಿದೆ, ಬಿಚ್ಚಿದಾಗ ಇಳಿಯುತ್ತಿದೆ. ಪರೀಕ್ಷೆ ಮಾಡೋಣ ಅಂತ ಉಸಿರು ಹಿಡಿದ. ಕೈ ನಿಂತಿತು. ನಿಂತು, ಬೆರಳುಗಳು ನಡುಗಿ, ಒಮ್ಮೆಲೇ ಬಿಗಿಯಾಗಿ ಮುಚ್ಚಿಕೊಂಡವು. ಅವನು ಹಿಡಿದಿದ್ದ ಉಸಿರು ಕೇಳದೆಯೇ ಒಳಗೆ ನುಗ್ಗಿತು. ಪಕ್ಕದ ಮನೆಯ ಕಾಟಪ್ಪ ಇದನ್ನು ಕೇಳಿ, “ಹಂಗಾದ್ರೆ ಎಬ್ಬಿಸಿ ಬಿಡಬಾರದೇನೋ ಮಾರಾಯ,” ಅಂದ. ಗುತ್ತೆಪ್ಪ ದನಿ ತಗ್ಗಿಸಿ ಅಂದ, “ಎಬ್ಬಿಸಿದ್ರೆ ಕೈ ನಿಲ್ತದೆ. ಕೈ ನಿಂತು ನಂದೂ ನಿಂತ್ರೆ, ನೀನು ಬಂದು ಒತ್ತೀಯೇನು?”

“ಅಜ್ಜಾ, ರೊಟ್ಟಿ ಆರ್ತಾವೆ. ಎಷ್ಟು ಸಲ ಕರೀಬೇಕು, ಬರ್ರಿ ಊಟಕ್ಕೆ.”

ಬಂದೆ ನಮ್ಮವ್ವ, ಬಂದೆ. ಮೊಮ್ಮಗಳು ಕರೆಯುತ್ತಿದ್ದಾಳೆ, ನೀವೂ ಏಳಿ, ಕೈ ತೊಳೆಯಿರಿ.